ಕೆತ್ತದೆ ಉಳಿದ ಬೆಳಕು

1649ರಲ್ಲಿ ಫ್ರಾನ್ಸಿನ ಕೆತ್ತನೆಗಾರ ಕ್ಲೋದ್ ಮೆಲಾನ್ ಒಂದು ತಾಮ್ರದ ತಗಡಿನ ನಡುಭಾಗಕ್ಕೆ ಉಳಿಯ ಮೊನೆ ಇಟ್ಟು ಗೆರೆ ಎಳೆಯತೊಡಗಿದ. ಗೆರೆ ಸುರುಳಿಯಾಗಿ ಸುತ್ತುತ್ತ ಸುತ್ತುತ್ತ ಅಂಚಿನ ಕಡೆಗೆ ಬೆಳೆಯಿತು. ಮುಖವನ್ನು ಮೂಡಿಸಲು ಅದನ್ನು ಅಡ್ಡ ಹಾಯುವ ಇನ್ನೊಂದು ಗೆರೆ ಇಲ್ಲ, ಚುಕ್ಕಿ ಇಲ್ಲ, ಹೊರರೇಖೆಯೂ ಇಲ್ಲ. ಮಸಿ ತುಂಬಿ ಕಾಗದಕ್ಕೆ ಒತ್ತಿ ತೆಗೆದರೆ ಮುಳ್ಳಿನ ಕಿರೀಟ ತೊಟ್ಟ ಯೇಸುವಿನ ಮುಖ ಎದುರಿಗೆ ಬಂದು ನಿಲ್ಲುತ್ತದೆ. ಸುರುಳಿ ಹೊರಟದ್ದು ಮೂಗಿನ ತುದಿಯಿಂದ.

ಶಿಲುಬೆ ಹೊತ್ತು ನಡೆಯುತ್ತಿದ್ದ ಯೇಸುವಿನ ಮುಖವನ್ನು ವೆರೋನಿಕಾ ಎಂಬ ಹೆಂಗಸು ಬಟ್ಟೆಯಿಂದ ಒರೆಸಿದಳು, ಆ ಬಟ್ಟೆಯ ಮೇಲೆ ಮುಖವೇ ಅಚ್ಚೊತ್ತಿತು ಎಂಬುದು ಕ್ರೈಸ್ತರ ಐತಿಹ್ಯ. ಮೆಲಾನ್ ಆರಿಸಿಕೊಂಡದ್ದು ಈ ವಸ್ತುವನ್ನು. ಅಚ್ಚಿನ ಚಿತ್ರಕ್ಕೆ ಇದಕ್ಕಿಂತ ಹೊಂದುವ ವಸ್ತು ಬೇರೆ ಸಿಗಲಾರದು: ಯಾರೂ ಕೈಯಿಂದ ಬರೆಯದ, ಒತ್ತಿದ ಮಾತ್ರಕ್ಕೆ ಮೂಡಿದ ಮುಖ. ಚಿತ್ರದ ಕೆಳಗೆ ಬರುವ ಲ್ಯಾಟಿನ್ ಬರಹ ದೇವರ ಒಬ್ಬನೇ ಮಗನನ್ನೂ ಕೆತ್ತನೆಯ ಒಂದೇ ಗೆರೆಯನ್ನೂ ಒಟ್ಟಿಗೆ ಕೊಂಡಾಡುತ್ತದೆ. ಧರ್ಮಶ್ರದ್ಧೆಯೂ ಕಸುಬಿನ ಹೆಮ್ಮೆಯೂ ಇಷ್ಟು ಬಿಗಿಯಾಗಿ ಹೆಣೆದುಕೊಂಡ ಚಿತ್ರ ಹದಿನೇಳನೇ ಶತಮಾನದಲ್ಲೂ ಅಪರೂಪ.

ಈ ಚಿತ್ರದ ಹಣೆಯ ಮೇಲೆ ಬೆಳಕಿದೆ, ಮೂಗಿನ ಏಣಿನ ಮೇಲೆ ಬೆಳಕಿದೆ, ಕೆನ್ನೆಯ ಒಂದು ಬದಿ ನೆರಳಿಗೆ ಜಾರುತ್ತದೆ. ಆದರೆ ತಗಡಿನ ಮೇಲೆ ಬೆಳಕಿಗಾಗಿ ಮೆಲಾನ್ ಮಾಡಿದ ಕೆಲಸ ಏನೂ ಇಲ್ಲ. ನೆರಳು ಬೇಕಾದಲ್ಲಿ ಗೆರೆ ದಪ್ಪಗಾಗಿದೆ, ಬೆಳಕು ಬೇಕಾದಲ್ಲಿ ಕೂದಲಿನಷ್ಟು ಸಣ್ಣಗಾಗಿದೆ. ಕೆತ್ತಿದ್ದೆಲ್ಲ ಕತ್ತಲೆ. ಬೆಳಕು ಅವನು ಮುಟ್ಟದೆ ಬಿಟ್ಟ ಜಾಗ. ಹದಿನೇಳನೇ ಶತಮಾನವನ್ನು ಆವರಿಸಿದ ಬರೋಕ್ ಕಾಲದ ಧಾರ್ಮಿಕ ಕೆತ್ತನೆಗಳನ್ನು ನೋಡುವಾಗ ನಾನು ಹಿಡಿದುಕೊಳ್ಳುವ ದಾರ ಇದು: ಬಿಳಿ ಕಾಗದ ಎಲ್ಲ ಕಡೆಯೂ ಒಂದೇ ಬಿಳಿ, ಅದೇ ಬಿಳಿ ಒಂದು ಕಡೆ ಬರಿಯ ಕಾಗದವಾಗಿ, ಇನ್ನೊಂದು ಕಡೆ ಸ್ವರ್ಗದ ಪ್ರಭೆಯಾಗಿ ಏಕೆ ಕಾಣುತ್ತದೆ? ಉತ್ತರ ಅರ್ಧ ತಾಮ್ರದಲ್ಲಿದೆ, ಅರ್ಧ ನಮ್ಮ ಕಣ್ಣು ಮತ್ತು ಮಿದುಳಿನಲ್ಲಿದೆ.

ಮೊದಲು ತಾಮ್ರ. ಕೆತ್ತುವ ಉಳಿಗೆ ಬ್ಯೂರಿನ್ ಎಂದು ಹೆಸರು. ಚೌಕ ಅಥವಾ ವಜ್ರಾಕಾರದ ಉಕ್ಕಿನ ಕಡ್ಡಿಯ ತುದಿಯನ್ನು ಓರೆಯಾಗಿ ಸಾಣೆ ಹಿಡಿದು, ಅಂಗೈಗೆ ಒತ್ತಿಕೊಳ್ಳುವ ಮರದ ಹಿಡಿ ಹಾಕಿದ ಉಪಕರಣ. ಪೆನ್ಸಿಲಿನಂತೆ ಇದನ್ನು ಎಳೆಯಲಾಗದು. ನೇಗಿಲು ಮಣ್ಣನ್ನು ಸೀಳುವ ಹಾಗೆ ಮುಂದಕ್ಕೆ ನೂಕಬೇಕು. ಲೋಹ ಸುರುಳಿಯಾಗಿ ಎದ್ದು ಬರುತ್ತದೆ. ಬಾಗಿದ ಗೆರೆ ಬೇಕಾದಾಗ ಕೈ ಹೆಚ್ಚು ತಿರುಗುವುದಿಲ್ಲ; ಮರಳು ತುಂಬಿದ ಚರ್ಮದ ದಿಂಬಿನ ಮೇಲೆ ತಗಡನ್ನೇ ಇನ್ನೊಂದು ಕೈ ತಿರುಗಿಸುತ್ತದೆ. ಉಳಿಯ ಮೊನೆ ವಿ ಆಕಾರದ್ದಾದ್ದರಿಂದ ಆಳಕ್ಕೆ ಇಳಿದಷ್ಟೂ ಗೆರೆ ಅಗಲವಾಗುತ್ತದೆ. ಅಂಗೈಯ ಒತ್ತಡ ಒಂಚೂರು ಹೆಚ್ಚಾದರೆ ಕಾಗದದ ಮೇಲೆ ನೆರಳು ಹೆಚ್ಚುತ್ತದೆ.

ಕೆತ್ತಿ ಮುಗಿದ ತಗಡಿಗೆ ಎಣ್ಣೆ ಮಸಿ ತಿಕ್ಕುತ್ತಾರೆ. ಕಾಯಿಸಿ ಮಂದ ಮಾಡಿದ ಅಗಸೆ ಎಣ್ಣೆಯಲ್ಲಿ ಇದ್ದಿಲ ಪುಡಿ ಅರೆದು ಮಾಡಿದ ಮಸಿ ಅದು. ಮೇಲ್ಮೈಯನ್ನು ಬಟ್ಟೆಯಿಂದಲೂ ಅಂಗೈಯಿಂದಲೂ ಒರೆಸಿದರೆ ಗೀರುಗಳೊಳಗಿನ ಮಸಿ ಮಾತ್ರ ಉಳಿಯುತ್ತದೆ. ನೆನೆಸಿ ಮೆತ್ತಗಾದ ಕಾಗದ ಹಾಸಿ, ಮೇಲೆ ಉಣ್ಣೆಯ ಹೊದಿಕೆ ಇಟ್ಟು, ಎರಡು ಉರುಳೆಗಳ ನಡುವೆ ಹಾಯಿಸುತ್ತಾರೆ. ಕಾಗದ ಗೀರಿನೊಳಗೆ ಇಳಿದು ಮಸಿಯನ್ನು ಎತ್ತಿಕೊಂಡು ಬರುತ್ತದೆ. ಆಳವಾದ ಗೀರಿನ ಮಸಿ ಕಾಗದದ ಮೇಲೆ ಸಣ್ಣ ದಿಣ್ಣೆಯಾಗಿ ನಿಲ್ಲುತ್ತದೆ. ಹಳೆಯ ಒಳ್ಳೆಯ ಪ್ರತಿಯನ್ನು ಓರೆ ಬೆಳಕಿಗೆ ಹಿಡಿದರೆ ಆ ದಿಣ್ಣೆಗಳು ಕಾಣುತ್ತವೆ. ಹಾಗಾಗಿ ದಪ್ಪ ಗೆರೆ ಎರಡು ರೀತಿಯಲ್ಲಿ ಕಪ್ಪು: ಹೆಚ್ಚು ಜಾಗ ಮುಚ್ಚುತ್ತದೆ, ಮುಚ್ಚಿದ ಜಾಗದಲ್ಲಿ ಮಸಿಯ ಪದರವೂ ದಪ್ಪ. ಈ ಇಡೀ ಕಸುಬನ್ನು ಅಬ್ರಹಾಂ ಬಾಸ್ 1645ರಲ್ಲಿ ಫ್ರೆಂಚ್ ಭಾಷೆಯಲ್ಲಿ ಪುಸ್ತಕವಾಗಿ ಬರೆದ. ಬಾಯಿಯಿಂದ ಬಾಯಿಗೆ ಸಾಗುತ್ತಿದ್ದ ತಿಳಿವಳಿಕೆ ಹಾಗೆ ಎಲ್ಲರ ಕೈಗೂ ಸಿಕ್ಕಿತು.

ಇನ್ನು ಲೆಕ್ಕ. ಒಳ್ಳೆಯ ಬಿಳಿ ಕಾಗದ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 80 ಭಾಗವನ್ನು ಹಿಂದಿರುಗಿಸುತ್ತದೆ. ಕಪ್ಪು ಮಸಿ 3ರಿಂದ 5 ಭಾಗ. ಅಂದರೆ ಚಿತ್ರದ ಅತಿ ಬೆಳ್ಳಗಿನ ಜಾಗಕ್ಕೂ ಅತಿ ಕಪ್ಪು ಜಾಗಕ್ಕೂ ಇರುವ ಅಂತರ ಹೆಚ್ಚೆಂದರೆ ಸುಮಾರು ಇಪ್ಪತ್ತೈದು ಪಟ್ಟು. ಒಂದು ಕತ್ತಲೆ ಕೋಣೆಯಲ್ಲಿ ಉರಿಯುವ ದೀಪದ ಕುಡಿಗೂ ಮೂಲೆಯ ನೆರಳಿಗೂ ಇರುವ ಅಂತರ ಸಾವಿರಾರು ಪಟ್ಟು. ಕೆತ್ತನೆಗಾರನ ಬಳಿ ಇರುವ ಏಣಿಗೆ ಕೆಲವೇ ಮೆಟ್ಟಿಲು. ಅವನು ಹತ್ತಬೇಕಾದದ್ದು ಉರಿವ ದೀಪದ ಎತ್ತರಕ್ಕೆ, ಎಷ್ಟೋ ಸಲ ಅದಕ್ಕಿಂತಲೂ ಎತ್ತರಕ್ಕೆ.

ನಡುವಣ ಬೂದು ಛಾಯೆಗಳ ಲೆಕ್ಕವೂ ಸುಲಭವಲ್ಲ. ಕಾಗದದ ಅರ್ಧ ಜಾಗವನ್ನು ಮಸಿ ಮುಚ್ಚಿದರೆ ಕಣ್ಣಿಗೆ ಅರ್ಧ ಕಪ್ಪು ಕಾಣುತ್ತದೆ ಅನ್ನಿಸುತ್ತದೆ. ಹಾಗೆ ಆಗದು. ನಮ್ಮ ಕಣ್ಣು ಬೆಳಕನ್ನು ನೇರ ಪ್ರಮಾಣದಲ್ಲಿ ಅಳೆಯುವುದಿಲ್ಲ. ಕಾಗದದಿಂದ ಬರುವ ಬೆಳಕು ಐದನೇ ಒಂದು ಭಾಗದ ಆಸುಪಾಸಿಗೆ ಇಳಿದಾಗಲೇ ಅದು ಬಿಳಿ ಮತ್ತು ಕಪ್ಪಿನ ನಟ್ಟನಡುವಿನ ಬೂದು ಎನ್ನಿಸುತ್ತದೆ. ಅಲ್ಲಿಗೆ ತಲುಪಲು ಮುಕ್ಕಾಲು ಭಾಗಕ್ಕಿಂತ ಹೆಚ್ಚು ಜಾಗವನ್ನು ಮಸಿಯಿಂದ ತುಂಬಬೇಕು. ಒಂದು ಸಾಲು ಸಮಾನಾಂತರ ಗೆರೆಗಳು ಅರ್ಧ ಜಾಗ ಮುಚ್ಚುತ್ತವೆ ಎಂದಿಟ್ಟುಕೊಳ್ಳಿ. ಅದರ ಮೇಲೆ ಅಡ್ಡಲಾಗಿ ಇನ್ನೊಂದು ಸಾಲು ಹಾಕಿದರೆ, ಉಳಿದಿದ್ದ ಬಿಳಿಯಲ್ಲಿ ಅರ್ಧ ಹೋಗಿ ಮುಕ್ಕಾಲು ಮುಚ್ಚುತ್ತದೆ. ಮೂರನೇ ಸಾಲಿಗೆ ಎಂಟರಲ್ಲಿ ಏಳು ಪಾಲು. ಶ್ರಮ ಪ್ರತಿ ಸಲವೂ ಅಷ್ಟೇ, ಕತ್ತಲೆಯ ಲಾಭ ಮಾತ್ರ ಅರ್ಧರ್ಧ ಇಳಿಯುತ್ತ ಹೋಗುತ್ತದೆ. ಗಾಢವಾದ ಇರುಳನ್ನು ಕೆತ್ತುವುದು ಏಕೆ ಅಷ್ಟು ಕಷ್ಟ ಎಂಬುದಕ್ಕೆ ಈ ಸಣ್ಣ ಗಣಿತ ಸಾಕು. ಹಾರ್ಲೆಮ್ ನಗರದ ಹೆಂಡ್ರಿಕ್ ಗೋಲ್ಟ್ಸಿಯಸ್ ಹದಿನಾರನೇ ಶತಮಾನದ ಕೊನೆಗೆ ಇದಕ್ಕೊಂದು ದಾರಿ ತೋರಿಸಿದ್ದ: ಗೆರೆಯನ್ನೇ ಸಣ್ಣದರಿಂದ ದಪ್ಪಕ್ಕೆ, ದಪ್ಪದಿಂದ ಸಣ್ಣಕ್ಕೆ ಉಬ್ಬಿಸುತ್ತ ಒಯ್ಯುವುದು. ಮೆಲಾನ್‌ನ ಸುರುಳಿ ಆ ವಿದ್ಯೆಯ ತುತ್ತತುದಿ.  

ಮೆಲಾನ್‌ನ ಚಿತ್ರವನ್ನು ಕೈಯಳತೆಯಲ್ಲಿ ಹಿಡಿದರೆ ಗೆರೆಗಳು ಒಂದೊಂದಾಗಿ ಕಾಣುತ್ತವೆ. ಆರೋಗ್ಯವಂತ ಕಣ್ಣು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಕೋನವನ್ನು ಬಿಡಿಸಿ ನೋಡಬಲ್ಲದು. 30 ಸೆಂಟಿಮೀಟರ್ ದೂರದಲ್ಲಿ ಅದು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತಲೂ ತುಸು ಕಡಿಮೆ. ಅದಕ್ಕಿಂತ ಒತ್ತಾದ ಗೆರೆಗಳು ಕಲೆತು ಬೂದು ಬಣ್ಣವಾಗುತ್ತವೆ. ಮೆಲಾನ್‌ನ ಸುತ್ತುಗಳು ಅಷ್ಟು ಒತ್ತಾಗಿಲ್ಲ, ಆದ್ದರಿಂದ ಹತ್ತಿರದಲ್ಲಿ ಅವು ಕಲೆಯುವುದಿಲ್ಲ. ಆದರೂ ಮುಖ ಕಾಣುತ್ತದೆ! ಇದು ಹೇಗೆ ಎಂಬುದಕ್ಕೆ ಉತ್ತರ ಸಿಕ್ಕಿದ್ದು ಮೂರು ಶತಮಾನಗಳ ನಂತರ. 1968ರಲ್ಲಿ ಕೇಂಬ್ರಿಡ್ಜಿನ ಫರ್ಗಸ್ ಕ್ಯಾಂಬೆಲ್ ಮತ್ತು ಜಾನ್ ರಾಬ್ಸನ್ ಪಟ್ಟೆಪಟ್ಟೆ ವಿನ್ಯಾಸಗಳನ್ನು ತೋರಿಸಿ ನಡೆಸಿದ ಪ್ರಯೋಗಗಳಿಂದ, ನಮ್ಮ ದೃಷ್ಟಿ ವ್ಯವಸ್ಥೆ ನೋಟವನ್ನು ಹಲವು ವಾಹಿನಿಗಳಲ್ಲಿ ಒಟ್ಟಿಗೇ ಓದುತ್ತದೆ ಎಂಬ ಅರಿವು ಬಂತು. ಒಂದು ವಾಹಿನಿ ಸೂಕ್ಷ್ಮ ಗೆರೆಗಳನ್ನು ಹಿಡಿಯುತ್ತದೆ, ಇನ್ನೊಂದು ಅದೇ ಹೊತ್ತಿಗೆ ದೊಡ್ಡ ದೊಡ್ಡ ಛಾಯೆಗಳನ್ನು ಹಿಡಿಯುತ್ತದೆ. ಸುರುಳಿಯೂ ಸತ್ಯ, ಮುಖವೂ ಸತ್ಯ, ಎರಡೂ ಒಂದೇ ಕ್ಷಣದಲ್ಲಿ. ಈ ಚಿತ್ರದ ಮುಂದೆ ಮೈ ಜುಮ್ಮೆನ್ನುವುದು ಈ ಇಬ್ಬಗೆಯ ನೋಟದಿಂದ ಎಂದು ನನ್ನ ನಂಬಿಕೆ. ನಿಮ್ಮ ಕೈಯಲ್ಲಿರುವ ಪುಸ್ತಕ, ಪತ್ರಿಕೆಗಳ ಛಾಯಾಚಿತ್ರಗಳೂ ಹೀಗೆಯೇ, ಸಮಾನ ದೂರದಲ್ಲಿ ಕುಳಿತ ದಪ್ಪ ಸಣ್ಣ ಮಸಿ ಚುಕ್ಕಿಗಳಿಂದ ಆದವು.

ಬರೋಕ್ ಕಾಲಕ್ಕೇ ಬೆಳಕು ಏಕೆ ಇಷ್ಟು ದೊಡ್ಡ ಸಮಸ್ಯೆಯಾಯಿತು? ಚರ್ಚು ಹೋಳಾಗಿತ್ತು. ಪ್ರತಿಮೆ, ಚಿತ್ರಗಳು ವಿಗ್ರಹಾರಾಧನೆ ಎಂದು ಸುಧಾರಣಾವಾದಿಗಳು ಅವನ್ನು ಕಿತ್ತೆಸೆಯುತ್ತಿದ್ದರು. 1563ರಲ್ಲಿ ಟ್ರೆಂಟ್ ನಗರದ ಧರ್ಮಸಭೆ, ಭಕ್ತರಿಗೆ ಕಲಿಸಲು ಮತ್ತು ಮನಸ್ಸು ಕರಗಿಸಲು ಚಿತ್ರಗಳು ಬೇಕು ಎಂದು ಕ್ಯಾಥೊಲಿಕರ ಪರವಾಗಿ ತೀರ್ಮಾನಿಸಿತು. ಚರ್ಚಿನ ಪೀಠದ ಮೇಲಿನ ತೈಲಚಿತ್ರ ಒಂದೂರಿಗೆ ಒಂದು. ಅದರ ಕೆತ್ತನೆ ಅಚ್ಚಾಗಿ ಸಾವಿರ ಮನೆಗೆ ಹೋಗಬಲ್ಲದು. ಹೋಗಿ ಮುಟ್ಟಿದಲ್ಲಿ ಅದು ಬರಿಯ ಕಥೆ ಹೇಳಿದರೆ ಸಾಲದು, ದೈವದ ಸಾನ್ನಿಧ್ಯ ಇದೆ ಅನ್ನಿಸಬೇಕು. ಆ ಸಾನ್ನಿಧ್ಯದ ಗುರುತು ಬೆಳಕು. ಹದಿನಾಲ್ಕನೇ ಶತಮಾನದ ಸ್ವೀಡನ್ನಿನ ಸಂತ ಬ್ರಿಜಿಟಾ ತನ್ನ ದರ್ಶನದಲ್ಲಿ ಹುಟ್ಟಿದ ಮಗುವಿನಿಂದಲೇ ಬೆಳಕು ಹೊಮ್ಮಿದ್ದನ್ನೂ, ಜೋಸೆಫ್‌ನ ಕೈಯ ಮೇಣದಬತ್ತಿ ಅದರೆದುರು ಮಂಕಾದದ್ದನ್ನೂ ಕಂಡಿದ್ದಳು. ಅಂದಿನಿಂದ ಚಿತ್ರಕಾರರಿಗೆ ಒಂದು ಕಠಿಣ ಪರೀಕ್ಷೆ ಎದುರಾಯಿತು. ದೀಪವಿಲ್ಲದ ಕಡೆ ದೀಪಕ್ಕಿಂತ ಹೆಚ್ಚಿನ ಬೆಳಕು ಬೇಕು. ವರ್ಣಚಿತ್ರಕಾರನಿಗೆ ಹಳದಿ, ಕೆಂಪುಗಳ ಆಸರೆಯಾದರೂ ಇತ್ತು. ಕೆತ್ತನೆಗಾರನಿಗೆ ಇದ್ದದ್ದು ಕಾಗದ ಮತ್ತು ಇಪ್ಪತ್ತೈದು ಪಟ್ಟಿನ ಆ ಗಿಡ್ಡ ಏಣಿ.

ಇಲ್ಲಿ ಸಂಯೋಜನೆ ನೆರವಿಗೆ ಬಂತು. ಕಾಗದದ ಬಿಳುಪನ್ನು ಹೆಚ್ಚಿಸಲಾಗದು, ಆದರೆ ಅದರ ನೆರೆಹೊರೆಯನ್ನು ಆರಿಸಬಹುದು. ಒಂದೇ ಬೂದು ಚೌಕವನ್ನು ಕಪ್ಪು ಹಿನ್ನೆಲೆಯಲ್ಲಿಟ್ಟರೆ ಬೆಳ್ಳಗೆ, ಬಿಳಿ ಹಿನ್ನೆಲೆಯಲ್ಲಿಟ್ಟರೆ ಕಪ್ಪಗೆ ಕಾಣುತ್ತದೆ. 1865ರಲ್ಲಿ ಅರ್ನ್ಸ್ಟ್ ಮಾಖ್ ಅಂಚುಗಳ ಬಳಿ ಕಣ್ಣು ಇಲ್ಲದ ಬಿಳಿಯನ್ನೂ ಇಲ್ಲದ ಕಪ್ಪನ್ನೂ ಸೃಷ್ಟಿಸಿಕೊಳ್ಳುತ್ತದೆ ಎಂದು ತೋರಿಸಿ, ರೆಟಿನಾದ ನೆರೆಯ ಭಾಗಗಳು ಪರಸ್ಪರ ಪ್ರಭಾವ ಬೀರುತ್ತಿರಬೇಕು ಎಂದು ಊಹಿಸಿದ. ಕೆಫರ್ ಹಾರ್ಟ್‌ಲೈನ್ ಕುದುರೆಲಾಳ ಏಡಿಯ ಕಣ್ಣಿನಲ್ಲಿ ಅದನ್ನು ಅಳೆದು ತೋರಿಸಿದ: ಬೆಳಕು ಬಿದ್ದ ಒಂದು ಘಟಕ ಅಕ್ಕಪಕ್ಕದ ಘಟಕಗಳ ಸಂಕೇತವನ್ನು ತಗ್ಗಿಸುತ್ತದೆ. 1967ರ ನೊಬೆಲ್ ಬಹುಮಾನದಲ್ಲಿ ಅವನಿಗೂ ಪಾಲು ಸಿಕ್ಕಿತು. ಕಣ್ಣು ಬೆಳಕಿನ ಮೊತ್ತಕ್ಕಿಂತ ವ್ಯತ್ಯಾಸವನ್ನೇ ಹೆಚ್ಚು ಮುತುವರ್ಜಿಯಿಂದ ಮಿದುಳಿಗೆ ಕಳಿಸುತ್ತದೆ. ಬರೋಕ್ ಚಿತ್ರಗಳಲ್ಲಿ ಮತ್ತೆ ಮತ್ತೆ ಕಾಣುವ ಒಂದು ಜೋಡಣೆಯ ಗುಟ್ಟು ಇದು. ಮುನ್ನೆಲೆಯಲ್ಲಿ ನಮಗೆ ಬೆನ್ನು ಮಾಡಿ ನಿಂತ, ಪೂರ್ತಿ ಕಪ್ಪಾದ ಒಬ್ಬ ಕುರುಬನೋ ಸೈನಿಕನೋ ಇರುತ್ತಾನೆ. ಅವನ ಹೆಗಲಾಚೆಗೆ ಬೆಳಕು. ಅವನು ಕಥೆಗೆ ಅಷ್ಟೇನೂ ಬೇಕಾದವನಲ್ಲ. ಅವನ ಕಪ್ಪು ಅಂಚು ತಗುಲಿದ ಕಡೆ ಕಾಗದ ತನ್ನ ಬಿಳಿಗಿಂತ ಬೆಳ್ಳಗಾಗುತ್ತದೆ.

ಈ ಜಾಣ್ಮೆಯ ಅತಿ ಸುಂದರ ಉದಾಹರಣೆ ಹೆಂಡ್ರಿಕ್ ಗೌಟ್ 1613ರಲ್ಲಿ ಕೆತ್ತಿದ ‘ಈಜಿಪ್ಟಿಗೆ ಪಲಾಯನ’. ರೋಮ್‌ನಲ್ಲಿದ್ದ ಜರ್ಮನ್ ಚಿತ್ರಕಾರ ಆಡಂ ಎಲ್ಸ್‌ಹೈಮರ್ 1609ರಲ್ಲಿ ಪುಟ್ಟ ತಾಮ್ರದ ತಗಡಿನ ಮೇಲೆ ಬಣ್ಣದಲ್ಲಿ ಬರೆದ ಚಿತ್ರ ಅದರ ಮೂಲ. ಹೆರೋದ ರಾಜನಿಗೆ ಹೆದರಿ ಮರಿಯಾ, ಜೋಸೆಫ್ ಮತ್ತು ಮಗು ರಾತ್ರೋರಾತ್ರಿ ಹೊರಟಿದ್ದಾರೆ. ಚಿತ್ರದಲ್ಲಿ ಬೆಳಕಿನ ಮೂಲಗಳು ಒಂದೆರಡಲ್ಲ. ಜೋಸೆಫ್ ಕೈಯಲ್ಲಿ ಪಂಜು, ದೂರದಲ್ಲಿ ಕುರುಬರು ಹೊತ್ತಿಸಿದ ಬೆಂಕಿ, ಆಕಾಶದಲ್ಲಿ ಹುಣ್ಣಿಮೆಯ ಚಂದ್ರ, ನೀರಿನಲ್ಲಿ ಅವನ ಪ್ರತಿಬಿಂಬ, ಮೇಲೆ ಕ್ಷೀರಪಥ ಮತ್ತು ನಕ್ಷತ್ರಗಳು. ಗೆಲಿಲಿಯೋ ದೂರದರ್ಶಕದಿಂದ ಕಂಡದ್ದನ್ನು ಪುಸ್ತಕವಾಗಿ ಪ್ರಕಟಿಸಿದ್ದು 1610ರಲ್ಲಿ. ಎಲ್ಸ್‌ಹೈಮರ್ ಅದಕ್ಕೆ ಮೊದಲೇ ದೂರದರ್ಶಕದಲ್ಲಿ ಕಣ್ಣಿಟ್ಟಿದ್ದನೇ ಎಂದು ವಿದ್ವಾಂಸರು ಇಂದಿಗೂ ಚರ್ಚಿಸುತ್ತಾರೆ.

ಗೌಟ್ ಎದುರಿಸಿದ ತೊಡಕು ನೋಡಿ. ಚಂದ್ರನೂ ಪಂಜೂ ಬೆಂಕಿಯೂ ಒಂದೇ ಕಾಗದದ ಬಿಳಿಯಿಂದ ಆಗಬೇಕು, ಆದರೂ ಮೂರೂ ಬೇರೆ ಬೇರೆ ಬೆಳಕಾಗಿ ಕಾಣಬೇಕು. ಅವನು ಮೂರಕ್ಕೂ ಬೇರೆ ಬೇರೆ ಅಂಚುಗಳನ್ನು ಕೊಟ್ಟ. ಚಂದ್ರನ ಸುತ್ತ ಅಂಚು ಖಚಿತ, ತಣ್ಣನೆಯ ತಟ್ಟೆ. ಬೆಂಕಿಯ ಸುತ್ತ ಗೆರೆಗಳು ಚದುರಿ ಹೊಗೆಯೊಂದಿಗೆ ಮೇಲೇರುತ್ತವೆ. ಪಂಜಿನ ಬೆಳಕು ಪಂಜಿನಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಅದು ಬಿದ್ದ ಮುಖ, ಬಟ್ಟೆಗಳ ಮೇಲೆ ಇದೆ. ಉಳಿದೆಲ್ಲ ಕಡೆ, ಕೊನೆಮೊದಲಿಲ್ಲದಷ್ಟು ಒತ್ತೊತ್ತಾದ ಗೆರೆಗಳ ರಾತ್ರಿ. ಈ ಒಂದು ಹಾಳೆ ಉತ್ತರ ಯೂರೋಪಿನ ಚಿತ್ರಕಾರರಿಗೆ ಇರುಳನ್ನು ಹೇಗೆ ನೋಡಬೇಕೆಂದು ಕಲಿಸಿತು. ರೆಂಬ್ರಾಂಟ್‌ಗೂ ಕಲಿಸಿತು. ಗೌಟ್‌ನ ಇನ್ನೊಂದು ಕೆತ್ತನೆಯನ್ನು ಅನುಸರಿಸಿ ಹರ್ಕ್ಯುಲಿಸ್ ಸೇಗರ್ಸ್ ಎಂಬಾತ ತೋಬಿಯಾ ಮತ್ತು ದೇವದೂತನ ಚಿತ್ರ ಮಾಡಿದ್ದ. ಆ ತಾಮ್ರದ ತಗಡು ರೆಂಬ್ರಾಂಟ್‌ನ ಕೈಗೆ ಬಂತು. 1653ರ ಸುಮಾರಿಗೆ ಅವನು ಅದರಲ್ಲಿನ ದೊಡ್ಡ ಆಕೃತಿಗಳನ್ನು ಹೆರೆದು ಹಾಕಿ, ಈಜಿಪ್ಟಿಗೆ ಓಡುವ ಸಣ್ಣ ಕುಟುಂಬವನ್ನು ಅಲ್ಲಿ ಕೂರಿಸಿದ. ಹೆರೆದದ್ದು ಪೂರ್ತಿ ಹೋಗಲಿಲ್ಲ. ದೇವದೂತನ ರೆಕ್ಕೆಯ ಗುರುತು ಮರಗಳ ನಡುವೆ ಈಗಲೂ ಕಾಣುತ್ತದೆ.

ಪ್ರಭಾವಳಿಯ ವಿಷಯಕ್ಕೆ ಬರೋಣ, ಏಕೆಂದರೆ ಈ ಅಧ್ಯಾಯದಲ್ಲಿ ನನಗೆ ಅತಿ ಪ್ರಿಯವಾದ ಪ್ರಯೋಗ ಇಲ್ಲಿದೆ. ಹಳೆಯ ಚಿತ್ರಗಳಲ್ಲಿ ಸಂತರ ತಲೆಯ ಹಿಂದೆ ತಟ್ಟೆಯಂಥ ಪ್ರಭಾವಳಿ ಇರುತ್ತಿತ್ತು. ಅದು ಚಿಹ್ನೆ, ಅದರಿಂದ ಬೆಳಕು ಬರುತ್ತಿರಲಿಲ್ಲ. ಬರೋಕ್ ಕೆತ್ತನೆಗಾರರು ತಟ್ಟೆಯನ್ನು ಕೈಬಿಟ್ಟರು. ತಲೆಯ ಸುತ್ತ ಏನನ್ನೂ ಕೆತ್ತದೆ ಒಂದು ಬಿಳಿ ಜಾಗ ಬಿಟ್ಟು, ಅಲ್ಲಿಂದ ಹೊರಕ್ಕೆ ಚಿಮ್ಮುವ ಗೆರೆಗಳನ್ನು ಹಾಕಿದರು. ಪ್ರತಿ ಗೆರೆಯೂ ಹೊರಗಡೆ ದಪ್ಪ; ತಲೆಯ ಕಡೆಗೆ ಬರಬರುತ್ತ ಸಣ್ಣಗಾಗಿ ಇಲ್ಲವಾಗುತ್ತದೆ. ಕಪ್ಪಿನಿಂದ ಬಿಳಿಗೆ ಮೆಲ್ಲನೆ ಏರುವ ಇಳಿಜಾರು ಅದು, ನಾಲ್ಕೂ ದಿಕ್ಕಿನಿಂದ ಒಂದೇ ಬಿಳಿಯತ್ತ.

ಇಂಥ ಇಳಿಜಾರುಗಳ ನಡುವಿನ ಬಿಳಿ, ಬರಿಯ ಬಿಳಿಯಾಗಿ ಉಳಿಯದೆ ಹೊಳೆಯುವಂತೆ ಕಾಣುತ್ತದೆ ಎಂಬುದನ್ನು ಇಟಲಿಯ ಮನೋವಿಜ್ಞಾನಿ ಡಾನಿಯೆಲೆ ಜವಾನ್ಯೊ 1999ರಲ್ಲಿ ವಿವರಿಸಿದರು. 2012ರಲ್ಲಿ ಓಸ್ಲೊ ವಿಶ್ವವಿದ್ಯಾಲಯದ ಬ್ರೂನೊ ಲೆಂಗ್ ಮತ್ತು ಟೂರ್ ಎಂಡೆಸ್ಟಾಡ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಹೊಳೆಯುವಂತೆ ಭ್ರಮೆ ಹುಟ್ಟಿಸುವ ಚಿತ್ರಗಳನ್ನು ತೋರಿಸುತ್ತ, ನೋಡುವವರ ಕಣ್ಣಿನ ಪಾಪೆಯನ್ನು ಅಳೆದರು. ಚಿತ್ರದಿಂದ ಬರುವ ಬೆಳಕು ಹೆಚ್ಚಿರಲಿಲ್ಲ. ಆದರೂ ಪಾಪೆ ಕಿರಿದಾಯಿತು, ನಿಜವಾಗಿ ಪ್ರಖರ ಬೆಳಕು ಬಿದ್ದಾಗ ಆಗುವ ಹಾಗೆ. ಪಾಪೆಯ ಚಲನೆ ನಮ್ಮ ಇಚ್ಛೆಯ ಹಿಡಿತದಲ್ಲಿಲ್ಲ. ಹೀಗೆ ಎಲ್ಲ ಕಡೆಯಿಂದ ಏರಿ ಬರುವ ಬೆಳಕು ನಿಸರ್ಗದಲ್ಲಿ ಸಾಮಾನ್ಯವಾಗಿ ಸೂರ್ಯನ ಸುತ್ತ ಇರುತ್ತದೆ, ಆದ್ದರಿಂದ ಕಣ್ಣು ಮುಂಜಾಗ್ರತೆಯಿಂದ ತನ್ನನ್ನು ಕಾಪಾಡಿಕೊಳ್ಳುತ್ತದೆ ಎಂಬುದು ಅವರ ವಿವರಣೆ. ಕೆತ್ತನೆಗಾರರ ಪ್ರಭಾವಳಿಯ ರಚನೆ ಆ ಪ್ರಯೋಗದ ಚಿತ್ರಗಳಿಗೆ ತುಂಬ ಹತ್ತಿರ. ಆಂಟ್ವರ್ಪ್‌ನ ಯಾವುದೋ ಮನೆಯಲ್ಲಿ ಮೇಣದಬತ್ತಿಯ ಮಂದ ಬೆಳಕಿನಲ್ಲಿ ಒಂದು ಹಾಳೆಯನ್ನು ನೋಡುತ್ತ ಕುಳಿತ ಭಕ್ತೆಯ ಕಣ್ಣು, ಕಾಗದದ ಬಿಳಿಯೆದುರು ಸೂರ್ಯನೆದುರು ಕಿರಿದಾದಂತೆ ಕಿರಿದಾಗಿದ್ದಿರಬಹುದು. ಭಕ್ತಿಗೆ ದೇಹವೂ ಹೀಗೆ ಓಗೊಡುತ್ತದೆ ಎಂಬ ವಿಚಾರ ನನ್ನನ್ನು ಬಹಳ ಕಾಡುತ್ತದೆ.

ಆಂಟ್ವರ್ಪ್ ಎಂದಾಗ ಚಿತ್ರಕಾರ ಪೀಟರ್ ಪಾಲ್ ರೂಬೆನ್ಸ್‌ನನ್ನು ಬಿಡುವಂತಿಲ್ಲ. ಅವನು ತಾನೇ ತಾಮ್ರ ಕೆತ್ತಿದ್ದು ಇಲ್ಲವೆಂಬಷ್ಟು ಕಡಿಮೆ. ಕೆತ್ತನೆಗಾರರನ್ನು ಪಳಗಿಸಿ, 1619-20ರಲ್ಲಿ ಫ್ರಾನ್ಸ್, ಬ್ರಬಾಂಟ್, ಡಚ್ ಗಣರಾಜ್ಯ ಈ ಮೂರೂ ಕಡೆಯಿಂದ ನಕಲು ತಡೆಯುವ ಹಕ್ಕುಪತ್ರ ಪಡೆದು, ತನ್ನ ಚಿತ್ರಗಳನ್ನು ಯೂರೋಪಿಗೆಲ್ಲ ಹರಡಿದ. ಲೂಕಾಸ್ ಫೋರ್ಸ್ಟರ್‌ಮಾನ್ 1620ರಲ್ಲಿ ಕೆತ್ತಿದ ‘ಶಿಲುಬೆಯಿಂದ ಇಳಿಸುವುದು’ ಅವುಗಳಲ್ಲಿ ಹೆಸರಾದದ್ದು. ಮೂಲಚಿತ್ರ ಆಂಟ್ವರ್ಪ್ ಕೆಥೀಡ್ರಲ್‌ನಲ್ಲಿದೆ. ನಡುವಿನ ಫಲಕವೇ ನಾಲ್ಕು ಮೀಟರಿಗೂ ಎತ್ತರ. ಅದರಲ್ಲಿ ಬಿಳಿಯ ಹೊದಿಕೆಬಟ್ಟೆ ಮೇಲಿನಿಂದ ಕೆಳಕ್ಕೆ ಕರ್ಣರೇಖೆಯಾಗಿ ಇಳಿಯುತ್ತದೆ. ಮೇಲೆ ನಿಂತವನೊಬ್ಬ ಬಟ್ಟೆಯ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದಾನೆ. ನಿರ್ಜೀವ ದೇಹ ಆ ಬಿಳಿಯ ಮೇಲೆ ಜಾರುತ್ತಿದೆ. ಸುತ್ತಲಿನ ಅಷ್ಟೂ ಕೈಗಳು ಆ ಬಿಳಿಯ ದಾರಿಯ ಕಡೆಗೇ ಚಾಚಿವೆ. ಸಂಯೋಜನೆಯೂ ಬೆಳಕೂ ಎರಡಾಗಿ ಉಳಿದಿಲ್ಲ: ಬಟ್ಟೆಯೇ ಬೆಳಕು, ಬಟ್ಟೆಯೇ ಚಿತ್ರದ ಬೆನ್ನೆಲುಬು.

ಆದರೆ ಮೂಲಚಿತ್ರದಲ್ಲಿ ಶಿಷ್ಯ ಯೋಹಾನ ಉಟ್ಟ ಕಡುಗೆಂಪು? ಮರಿಯಾಳ ನೀಲಿ? ನಮ್ಮ ಕಣ್ಣಿಗೆ ಹಗಲಿನಲ್ಲಿ ಅತಿ ಪ್ರಕಾಶಮಾನವಾಗಿ ಕಾಣುವುದು 555 ನ್ಯಾನೊಮೀಟರಿನ ಆಸುಪಾಸಿನ ಹಸಿರು ಹಳದಿ ಬೆಳಕು. ಅಷ್ಟೇ ಶಕ್ತಿಯ ಕೆಂಪು, ನೀಲಿಗಳು ಮಂಕು. ವರ್ಣಚಿತ್ರದಲ್ಲಿ ಬೆಂಕಿಯಂತೆ ಎದ್ದು ಬರುವ ಕೆಂಪನ್ನು ಅದರ ಪ್ರಕಾಶಕ್ಕೆ ತಕ್ಕಂತೆ ಕೆತ್ತಿದರೆ ಅದು ಮಸಕು ಬೂದಾಗಿ ನೀಲಿಯ ಜೊತೆಗೆ ಕಲೆತುಹೋಗುತ್ತದೆ. ರೂಬೆನ್ಸ್‌ನ ಕೆತ್ತನೆಗಾರರು ಬಣ್ಣವನ್ನು ಗೆರೆಯ ನೇಯ್ಗೆಯಾಗಿ ಮಾರ್ಪಡಿಸಿದರು. ಒಂದು ಬಟ್ಟೆಗೆ ಉದ್ದನೆಯ ತೆರೆದ ಗೆರೆ, ಇನ್ನೊಂದಕ್ಕೆ ಒತ್ತಾದ ಅಡ್ಡಹಾಯ್ದ ಜಾಲ, ಮೈಗೆ ಗೆರೆಗಳ ನಡುವೆ ಚುಕ್ಕಿ. ಪರೀಕ್ಷಾ ಪ್ರತಿಗಳು ಬಂದಾಗ ರೂಬೆನ್ಸ್ ಕುಂಚ ಹಿಡಿದು ಇಲ್ಲಿ ಬಿಳಿ, ಅಲ್ಲಿ ಕಪ್ಪು ಎಂದು ಅವುಗಳ ಮೇಲೆಯೇ ತಿದ್ದುತ್ತಿದ್ದ. ಅಂಥ ತಿದ್ದಿದ ಹಾಳೆಗಳು ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಉಳಿದಿವೆ. ಫೋರ್ಸ್ಟರ್‌ಮಾನ್ ಜೊತೆಗಿನ ನಂಟು ಮಾತ್ರ ಕೆಲವೇ ವರ್ಷಗಳಲ್ಲಿ ಮುರಿಯಿತು. ಪೌಲಸ್ ಪೊಂಟಿಯಸ್, ಸ್ಖೆಲ್ಟೆ ಬೋಲ್ಸ್‌ವರ್ಟ್ ಮುಂತಾದವರು ಕೆಲಸ ಮುಂದುವರಿಸಿದರು.

ರೆಂಬ್ರಾಂಟ್ ಈ ಸಾಲಿನಲ್ಲಿ ಇದ್ದೂ ಬೇರೆ. ಅವನು ಪ್ರಾಟೆಸ್ಟಂಟ್ ನಾಡಿನವನು, ಚರ್ಚಿಗಾಗಿ ಕೆತ್ತಿದವನಲ್ಲ. ಅವನ ಮುಖ್ಯ ವಿಧಾನ ಎಚ್ಚಿಂಗ್. ತಗಡಿನ ಮೇಲೆ ಮೇಣದ ಲೇಪ ಹಚ್ಚಿ, ಸೂಜಿಯಿಂದ ಗೀರಿ, ಆಮ್ಲದಲ್ಲಿಟ್ಟರೆ ಗೀರಿದ ಕಡೆ ತಾಮ್ರ ಕರಗುತ್ತದೆ. ಅದರ ಜೊತೆ ಬ್ಯೂರಿನ್, ಮತ್ತೆ ಸೂಜಿಯಿಂದ ತಾಮ್ರವನ್ನೇ ಗೀರುವ ಡ್ರೈಪಾಯಿಂಟ್. 1648ರ ಸುಮಾರಿಗೆ ಮುಗಿದ ‘ನೂರು ಗಿಲ್ಡರ್ ಚಿತ್ರ’ದಲ್ಲಿ ಮೂರೂ ಇವೆ. ರೋಗಿಗಳು, ಮಕ್ಕಳು, ವಾದಕ್ಕೆ ಬಂದ ಪಂಡಿತರು ಯೇಸುವಿನ ಸುತ್ತ ನೆರೆದಿದ್ದಾರೆ. ಎಡಗಡೆಯ ಜನ ಎಷ್ಟು ಬೆಳಕಿನಲ್ಲಿದ್ದಾರೆಂದರೆ ಬರಿಯ ಹೊರಗೆರೆಯಷ್ಟೇ ಉಳಿದಿದ್ದಾರೆ. ಬಲಗಡೆ ಮಖಮಲ್ಲಿನಂಥ ಇರುಳು. ನಡುವೆ ಯೇಸುವಿನ ಮೈಯಿಂದಲೇ ಪ್ರಭೆ ಹೊಮ್ಮುತ್ತಿದೆ. ಆದರೆ ಆ ನಿಲುವಂಗಿಯ ಮೇಲೆ ಸೂಕ್ಷ್ಮವಾಗಿ ನೋಡಿ: ಕೆಳಗೆ ಮೊಣಕಾಲೂರಿ ಕೈಮುಗಿದ ಹೆಂಗಸಿನ ಕೈಗಳ ನೆರಳು ಅಲ್ಲಿ ಬಿದ್ದಿದೆ. ಬೆಳಕು ಯೇಸುವಿನಿಂದ ಹೊರಟಿದ್ದರೆ ನೆರಳು ಅವಳ ಹಿಂದೆ ಬೀಳಬೇಕಿತ್ತು.

ಭೌತವಿಜ್ಞಾನದ ಪ್ರಕಾರ ಈ ಎರಡು ಒಟ್ಟಿಗೆ ಹೊಂದುವುದಿಲ್ಲ. ಆದರೂ ನೋಡುವವರಲ್ಲಿ ಹೆಚ್ಚಿನವರಿಗೆ ಏನೂ ತಪ್ಪು ಕಾಣುವುದಿಲ್ಲ. ಒಂದೇ ದೃಶ್ಯದಲ್ಲಿ ಬೆಳಕಿನ ದಿಕ್ಕುಗಳು ಒಂದಕ್ಕೊಂದು ತಾಳೆಯಾಗದಿದ್ದರೆ ಅದನ್ನು ಪತ್ತೆ ಹಚ್ಚುವುದರಲ್ಲಿ ನಮ್ಮ ಮಿದುಳು ಬಹಳ ದುರ್ಬಲ ಎಂದು ಯೂರಿ ಆಸ್ಟ್ರೊವ್‌ಸ್ಕಿ, ಪ್ಯಾಟ್ರಿಕ್ ಕ್ಯಾವನಾ ಮತ್ತು ಪವನ್ ಸಿನ್ಹಾ 2005ರಲ್ಲಿ ತೋರಿಸಿದರು. ಮಿದುಳು ಬೆಳಕನ್ನು ಇಡೀ ಚಿತ್ರಕ್ಕೆ ಒಟ್ಟಾಗಿ ಲೆಕ್ಕ ಹಾಕುವುದಿಲ್ಲ. ಆಯಾ ಮೂಲೆಯಲ್ಲಿ ಆಯಾ ವಸ್ತುವಿನ ಆಕಾರ ತಿಳಿದರೆ ಅದಕ್ಕೆ ಸಾಕು. ಚಿತ್ರಕಾರರು ಈ ಸಡಿಲವನ್ನು ಶತಮಾನಗಳಿಂದ ಬಳಸಿಕೊಂಡಿದ್ದಾರೆ ಎಂದು ಕ್ಯಾವನಾ ಬರೆದರು. ಅವರ ದೃಷ್ಟಿಯಲ್ಲಿ ಕಲಾವಿದ ಒಬ್ಬ ನರವಿಜ್ಞಾನಿ. ಆ ನೆರಳನ್ನು ರೆಂಬ್ರಾಂಟ್ ಬೇಕೆಂದೇ ಇಟ್ಟ ಎಂದು ನನಗನ್ನಿಸುತ್ತದೆ. ಮುಟ್ಟಲಾಗದಷ್ಟು ದೂರದಲ್ಲಿರುವ ಹೆಂಗಸು ನೆರಳಿನ ಮೂಲಕ ಯೇಸುವನ್ನು ಮುಟ್ಟಿದ್ದಾಳೆ.

1653ರ ‘ಮೂರು ಶಿಲುಬೆಗಳು’ ಇದಕ್ಕಿಂತಲೂ ಕಠೋರ. ಸುಮಾರು 38 ಸೆಂಟಿಮೀಟರ್ ಎತ್ತರ, 45 ಸೆಂಟಿಮೀಟರ್ ಅಗಲದ ಈ ತಗಡಿನಲ್ಲಿ ಆಮ್ಲದ ಕೆಲಸ ಇಲ್ಲ. ಡ್ರೈಪಾಯಿಂಟ್ ಮತ್ತು ಬ್ಯೂರಿನ್ ಮಾತ್ರ. ಡ್ರೈಪಾಯಿಂಟ್ ಎಂದರೆ ಚೂಪಾದ ಸೂಜಿಯಿಂದ ತಾಮ್ರವನ್ನು ನೇರವಾಗಿ ಗೀರುವುದು. ಲೋಹ ಕಿತ್ತು ಬರುವುದಿಲ್ಲ, ಗೀರಿನ ಎರಡೂ ಬದಿಗೆ ಒರಟು ಅಂಚಾಗಿ ಏಳುತ್ತದೆ. ಆ ಅಂಚು ಮಸಿಯನ್ನು ಹಿಡಿದುಕೊಂಡು ಕಾಗದದ ಮೇಲೆ ಮೃದುವಾದ, ಹರಡಿದ ಕಪ್ಪು ಕೊಡುತ್ತದೆ. ಬ್ಯೂರಿನ್ನಿನ ಚೊಕ್ಕ ಗೆರೆಯಿಂದ ಎಂದೂ ಬಾರದ ಕಪ್ಪು ಅದು.

ಲೂಕನ ಸುವಾರ್ತೆಯ ಪ್ರಕಾರ ಯೇಸು ಶಿಲುಬೆಯ ಮೇಲಿದ್ದಾಗ ನಡುಹಗಲಿನಿಂದ ಮೂರು ಗಂಟೆ ಕಾಲ ನಾಡಿನ ಮೇಲೆ ಕತ್ತಲೆ ಕವಿದಿತ್ತು. ಚಿತ್ರದ ಮೊದಲ ಹಂತದ, ಅಂದರೆ ತಗಡನ್ನು ಮತ್ತೆ ತಿದ್ದುವ ಮೊದಲಿನ, ಪ್ರತಿಗಳಲ್ಲಿ ಆಕಾಶದಿಂದ ಒಂದು ಅಗಲವಾದ ಬೆಳಕಿನ ಶಂಕು ಇಳಿದು ನಡುವಿನ ಶಿಲುಬೆಯನ್ನೂ ಕೆಳಗಿನ ಜನರನ್ನೂ ಆವರಿಸುತ್ತದೆ. ಶಂಕುವಿನ ಎರಡು ಅಂಚುಗಳು ಚಿತ್ರವನ್ನು ಸೀಳುವ ಓರೆಗೆರೆಗಳು. ನಮ್ಮ ದೃಷ್ಟಿ ಅವುಗಳ ಮೇಲೆ ಜಾರಿ ನೇರ ಶಿಲುಬೆಗೆ ಹೋಗುತ್ತದೆ. ಆ ಬೆಳಕಿನ ಒಳಗೆ ರೋಮನ್ ಶತಾಧಿಪತಿ ಕುದುರೆಯಿಂದಿಳಿದು ಮೊಣಕಾಲೂರಿ ಕೈ ಚಾಚಿದ್ದಾನೆ. ಅತಿ ಪ್ರಖರವಾದ ಜಾಗದಲ್ಲಿ ಜನ ಬರಿಯ ನಾಲ್ಕಾರು ಗೀರುಗಳು, ದೇಹ ಬೆಳಕಿನಲ್ಲಿ ಕರಗಿದಂತೆ. ಇಲ್ಲಿ ಬೆಳಕು ವಸ್ತುಗಳನ್ನು ತೋರಿಸುತ್ತಿಲ್ಲ, ತಿನ್ನುತ್ತಿದೆ. ಅತಿ ಬೆಳಕಿನಲ್ಲಿ ವಿವರ ಕಳೆದುಹೋಗುವುದು ಕಣ್ಣಿಗೆ ಪರಿಚಿತ ಅನುಭವ. ರೆಂಬ್ರಾಂಟ್ ಅದನ್ನು ತಿರುಗಿಸಿ ಬಳಸಿದ: ವಿವರ ಕಳೆದರೆ ಮಿದುಳು ಅತಿ ಬೆಳಕನ್ನು ತಾನೇ ಊಹಿಸಿಕೊಳ್ಳುತ್ತದೆ.

ಡ್ರೈಪಾಯಿಂಟಿನ ಒರಟು ಅಂಚು ಬಹಳ ದಿನ ಬಾಳುವುದಿಲ್ಲ. ಪ್ರತಿ ಸಲ ಉರುಳೆಗಳ ನಡುವೆ ಹಾದಾಗಲೂ ಅದು ನುಗ್ಗಾಗುತ್ತದೆ. ಕೆಲವು ಡಜನ್ ಪ್ರತಿಗಳಲ್ಲಿ ಮಖಮಲ್ಲಿನ ಕಪ್ಪು ಹೋಗಿ ಬಡಕಲು ಗೀರು ಉಳಿಯುತ್ತದೆ. ಕಪ್ಪು ಸೋತರೆ ಬೆಳಕೂ ಸೋಲುತ್ತದೆ, ಏಕೆಂದರೆ ಬೆಳಕು ನಿಂತಿದ್ದುದೇ ಅದರ ಆಸರೆಯ ಮೇಲೆ. ಸವೆದ ತಗಡಿನ ಮುಂದೆ ರೆಂಬ್ರಾಂಟ್ ಮಾಡಿದ್ದು ಬೇರೆ ಯಾರೂ ಮಾಡಲು ಹೆದರುವಂಥ ಕೆಲಸ. ನಾಲ್ಕನೇ ಹಂತದಲ್ಲಿ ಅವನು ಹಳೆಯ ಆಕೃತಿಗಳಲ್ಲಿ ಅನೇಕವನ್ನು ಹೆರೆದು, ಉಜ್ಜಿ ಅಳಿಸಿದ. ಪಿಸಾನೆಲ್ಲೊ ಎಂಬ ಇಟಲಿಯ ಕಲಾವಿದ ಎರಡು ಶತಮಾನ ಹಿಂದೆ ಮಾಡಿದ್ದ ಪದಕವೊಂದರಿಂದ ಎತ್ತರದ ಟೋಪಿಯ ಕುದುರೆ ಸವಾರನನ್ನು ತಂದು ಕೂರಿಸಿದ. ಆಮೇಲೆ ಅಂಚುಪಟ್ಟಿ ಹಿಡಿದು ಎಳೆದಂತಿರುವ ಉದ್ದುದ್ದ ಕಪ್ಪು ಗೀರುಗಳನ್ನು ಮೇಲಿನಿಂದ ಕೆಳಕ್ಕೆ ಸುರಿದ. ಯೇಸುವಿನ ಅಕ್ಕಪಕ್ಕದ ಶಿಲುಬೆಗಳ ಮೇಲಿದ್ದ ಕಳ್ಳರಲ್ಲಿ ಒಬ್ಬ ಹೆಚ್ಚುಕಡಿಮೆ ಕತ್ತಲೆಯಲ್ಲಿ ಮುಳುಗಿಹೋದ. ಮೊದಲು ಬೆಳಕು ಇಳಿದು ಬರುತ್ತಿದ್ದ ದಾರಿಯಲ್ಲಿ ಈಗ ಕತ್ತಲೆ ಸುರಿಯುತ್ತಿದೆ. ನಡುವೆ ಉಳಿದ ಇಷ್ಟೇ ಇಷ್ಟು ಬಿಳಿಯಲ್ಲಿ ಯೇಸುವಿನ ದೇಹ.

ಮುದ್ರಿಸುವ ಕೆಲಸದಲ್ಲೂ ಅವನು ಕೈ ಆಡಿಸಿದ. ತಗಡನ್ನು ಪೂರ್ತಿ ಒರೆಸದೆ ತೆಳುವಾದ ಮಸಿಯ ಪೊರೆಯನ್ನು ಬಿಟ್ಟರೆ ಕಾಗದದ ಬಿಳಿಯೇ ಮಬ್ಬಾಗುತ್ತದೆ. ಬೇಕಾದಷ್ಟು ಜಾಗವನ್ನು ಮಾತ್ರ ಒರೆಸಿ ಅಲ್ಲಿ ಬೆಳಕು ಉಳಿಸಿಕೊಳ್ಳಬಹುದು. 1654ರ ಸುಮಾರಿನ ‘ಸಮಾಧಿ’ ಚಿತ್ರದ ಕೆಲವು ಪ್ರತಿಗಳು ಹೀಗೆ ಗುಹೆಯೊಳಗಿನ ಕಗ್ಗತ್ತಲಾಗಿವೆ. ಕಾಗದವನ್ನೂ ಬದಲಿಸಿದ. ಡಚ್ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ ಬಂದ ಜಪಾನಿ ಕಾಗದಕ್ಕೆ ಹಳದಿ ಛಾಯೆಯ ಹೊಳಪಿತ್ತು. ಅದು ಮಸಿಯನ್ನು ಮೆತ್ತಗೆ ಹೀರಿಕೊಳ್ಳುತ್ತಿತ್ತು, ಬಿಳಿ ಭಾಗಗಳು ಬೆಚ್ಚಗೆ ಕಾಣುತ್ತಿದ್ದವು. ಅದೇ ವರ್ಷಗಳಲ್ಲಿ ಅವನು ಅಂಥ ಕಾಗದದ ಮೇಲೆ ಮೊಘಲ್ ಕಿರುಚಿತ್ರಗಳನ್ನೂ ನಕಲು ಮಾಡಿದ. 1656ರ ‘ದೇವದೂತರಿಗೆ ಅಬ್ರಹಾಮನ ಆತಿಥ್ಯ’ ಎಂಬ ಎಚ್ಚಿಂಗ್‌ನಲ್ಲಿ ಅತಿಥಿಗಳು ನೆಲದ ಮೇಲೆ ಸುತ್ತ ಕುಳಿತ ಜೋಡಣೆ ಅಂಥದೊಂದು ಭಾರತೀಯ ಚಿತ್ರದಿಂದ ಬಂದದ್ದು.

ಇದೇ ಹೊತ್ತಿಗೆ ಕೆತ್ತನೆಯ ಲೆಕ್ಕವನ್ನೇ ತಲೆಕೆಳಗು ಮಾಡುವ ವಿಧಾನವೊಂದು ಹುಟ್ಟಿತ್ತು. ಜರ್ಮನಿಯ ಲುಡ್ವಿಗ್ ಫಾನ್ ಸೀಗನ್ 1642ರಲ್ಲಿ ಮೊದಲು ತೋರಿಸಿದ ಮೆಜೊಟಿಂಟ್ ಅದು. ರಾಜಕುಮಾರ ರೂಪರ್ಟ್ ಅದನ್ನು ಬೆಳೆಸಿ 1658ರಲ್ಲಿ, ಸ್ನಾನಿಕ ಯೋಹಾನನ ಶಿರಚ್ಛೇದ ಮಾಡಿದ ಕಟುಕನ ದೊಡ್ಡ ಚಿತ್ರ ಮಾಡಿದ. ಮೆಜೊಟಿಂಟಿನಲ್ಲಿ ತಗಡನ್ನು ಮೊದಲೇ ಪೂರ್ತಿ ಒರಟು ಮಾಡಿ ಎಲ್ಲ ಕಡೆ ಕಪ್ಪಾಗಿಸುತ್ತಾರೆ. ಆಮೇಲೆ ಬೆಳಕು ಬೇಕಾದಲ್ಲಿ ಉಜ್ಜಿ ನುಣುಪು ಮಾಡುತ್ತಾರೆ. ಇಲ್ಲಿ ಕೈ ದುಡಿಯುವುದು ಬೆಳಕಿಗಾಗಿ. ಅದರ ಛಾಯೆಗಳು ನವಿರು, ಆದರೆ ನನ್ನ ಕಣ್ಣಿಗೆ ಅದರಲ್ಲಿ ಗೌಟ್‌ನ ರಾತ್ರಿಯ ಬಿಗಿಯಾಗಲೀ ಮೆಲಾನ್‌ನ ಗೆರೆಯ ಧೈರ್ಯವಾಗಲೀ ಕಾಣುವುದಿಲ್ಲ.

ಇಂದು ಈ ಹಾಳೆಗಳನ್ನು ವಸ್ತುಸಂಗ್ರಹಾಲಯಗಳು ಸಾಮಾನ್ಯವಾಗಿ 50 ಲಕ್ಸ್‌ನಷ್ಟು ಮಂದ ಬೆಳಕಿನಲ್ಲಿ, ಕೆಲವೇ ತಿಂಗಳು ಪ್ರದರ್ಶನಕ್ಕೆ ಇಡುತ್ತವೆ. ಕಾಗದಕ್ಕೆ ಹೆಚ್ಚಿನ ಬೆಳಕು ಹಾನಿಕರ. ‘ಮೂರು ಶಿಲುಬೆಗಳು’ ಚಿತ್ರದ ಮೊದಲ ಮತ್ತು ನಾಲ್ಕನೇ ಹಂತಗಳನ್ನು ಅಕ್ಕಪಕ್ಕ ತೂಗುಹಾಕಿದ್ದು ಕಂಡರೆ ಮೊದಲು ನಾಲ್ಕು ಹೆಜ್ಜೆ ದೂರ ನಿಂತು, ಆಮೇಲೆ ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿ. ಒಂದೇ ತಗಡು, ಒಂದೇ ಮಸಿ, ಒಂದೇ ಶಿಲುಬೆ. ಮೊದಲನೆಯದರಲ್ಲಿ ಯಾರು ಯಾರು ಇದ್ದಾರೆಂದು ಒಂದೇ ನೋಟಕ್ಕೆ ಗೊತ್ತಾಗುತ್ತದೆ. ನಾಲ್ಕನೆಯದರಲ್ಲಿ ಗೀರುಗಳ ನಡುವೆ ಮುಖಗಳನ್ನು ಒಂದೊಂದಾಗಿ ಹುಡುಕಬೇಕು, ಅದಕ್ಕೆ ಸಮಯ ಹಿಡಿಯುತ್ತದೆ.